ಕುತ್ತಿಗೆಯ ಸ್ಕ್ಯಾನ್: ತಾಂಬಾಕ್ಕೆ ಬೇಕಿರುವುದು ಯಂತ್ರವೋ, ವ್ಯವಸ್ಥೆಯೋ?

ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನ, ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನ ಸಮೀಪಿಸುತ್ತಿದ್ದಂತೆ ರಾಜ್ಯದ ನಗರಗಳಲ್ಲಿ ಆರೋಗ್ಯ ತಪಾಸಣೆಯ ರಿಯಾಯಿತಿ ಜಾಹೀರಾತುಗಳು ಕಾಣಿಸಿಕೊಳ್ಳುವುದು ವಾಡಿಕೆ. ರಕ್ತಪರೀಕ್ಷೆ, ಇಸಿಜಿ, ಎಕೋಗಳ ಸಾಲಿಗೆ ಈಗ ‘ಕೆರೋಟಿಡ್ ಡಾಪ್ಲರ್’ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿದೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಅಪಧಮನಿಗಳಲ್ಲಿ ರಕ್ತದ ಹರಿವನ್ನು ಶ್ರವಣಾತೀತ ಧ್ವನಿತರಂಗಗಳ ಮೂಲಕ ಅಳೆಯುವ ಪರೀಕ್ಷೆ ಇದು. ಸೂಜಿ ಚುಚ್ಚುವುದಿಲ್ಲ, ವಿಕಿರಣದ ಭಯವಿಲ್ಲ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಲಕ್ವಾ ಹೊಡೆಯುವ ಮುನ್ನವೇ ಅಪಾಯವನ್ನು ಕಂಡುಹಿಡಿಯಬಹುದೆಂಬ ಭರವಸೆ ಇದಕ್ಕೆ ಮಾರುಕಟ್ಟೆಯನ್ನು ಸೃಷ್ಟಿಸಿದೆ.

ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಗ್ರಾಮವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ನೂರಾರು ಹಳ್ಳಿಗಳಂತೆ ಇಲ್ಲಿಯೂ ಜನರ ಬದುಕು ಮಳೆ, ಜೋಳ, ತೊಗರಿಗಳನ್ನು ನಂಬಿಕೊಂಡದ್ದು. ಇಂಥ ಊರಿನ ಅರವತ್ತರ ರೈತನೊಬ್ಬನಿಗೆ ಬೆಳಗಿನ ಹೊತ್ತು ಬಲಗೈ ಸೋತು, ಮಾತು ತೊದಲಿ, ಹತ್ತೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಯಿತೆಂದು ಊಹಿಸಿಕೊಳ್ಳೋಣ. ಈ ಪರೀಕ್ಷೆಯ ಅಗತ್ಯ ಜಗತ್ತಿನಲ್ಲಿ ಯಾರಿಗಾದರೂ ಇದ್ದರೆ ಅದು ಆತನಿಗೆ. ಅದೂ ಅಂದೇ ಅಥವಾ ಮರುದಿನವೇ. ಆದರೆ ಆತ ‘ಆಯಾಸದಿಂದ ಹಾಗಾಗಿರಬೇಕು’ ಎಂದುಕೊಂಡು ಹೊಲಕ್ಕೆ ಹೊರಟುಬಿಡುವ ಸಾಧ್ಯತೆಯೇ ಹೆಚ್ಚು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಈ ಪರೀಕ್ಷೆಯ ವಿಷಯದಲ್ಲಿ ಅಕ್ಷರಶಃ ನಿಜವಾಗಿದೆ. ಅಗತ್ಯವಿಲ್ಲದವರಿಗೆ ಅದನ್ನು ಮಾರಲಾಗುತ್ತಿದೆ. ಅಗತ್ಯವಿರುವವರಿಗೆ ಅದು ಸಕಾಲದಲ್ಲಿ ದಕ್ಕುತ್ತಿಲ್ಲ.

ಪರೀಕ್ಷೆ ಏನನ್ನು ಹೇಳುತ್ತದೆ?

ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದ ತತ್ತ್ವ ಈ ಪರೀಕ್ಷೆಯ ಅಡಿಪಾಯ. ಹತ್ತಿರ ಬರುವ ರೈಲಿನ ಸಿಳ್ಳೆ ತೀಕ್ಷ್ಣವಾಗಿಯೂ ದೂರ ಸಾಗುವ ರೈಲಿನ ಸಿಳ್ಳೆ ಮಂದವಾಗಿಯೂ ಕೇಳಿಸುವುದು ಇದೇ ತತ್ತ್ವದಿಂದ. ಚಲಿಸುವ ರಕ್ತಕಣಗಳಿಗೆ ಬಡಿದು ಮರಳುವ ಧ್ವನಿತರಂಗದ ಆವರ್ತನದಲ್ಲಿ ಆಗುವ ವ್ಯತ್ಯಾಸದಿಂದ ಯಂತ್ರವು ರಕ್ತದ ವೇಗವನ್ನು ಲೆಕ್ಕ ಹಾಕುತ್ತದೆ. 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಷಿಗೆಒ ಸಾತೊಮುರಾ ಈ ತತ್ತ್ವವನ್ನು ಮಾನವ ದೇಹಕ್ಕೆ ಅನ್ವಯಿಸಿದವರಲ್ಲಿ ಮೊದಲಿಗರು.

ಹೃದಯದಿಂದ ಹೊರಟ ರಕ್ತ ಕುತ್ತಿಗೆಯ ಎರಡೂ ಬದಿಯ ಕೆರೋಟಿಡ್ ಅಪಧಮನಿಗಳ ಮೂಲಕ ಮೇಲೇರುತ್ತದೆ. ದವಡೆಯ ಕೆಳಗೆ ಈ ನಾಳ ಕವಲೊಡೆಯುತ್ತದೆ. ಒಂದು ಕವಲು ಮುಖದ ಕಡೆಗೆ, ಇನ್ನೊಂದು ಮಿದುಳಿನ ಕಡೆಗೆ. ಕೊಬ್ಬು, ಸುಣ್ಣದ ಅಂಶಗಳು ಸೇರಿ ಗಟ್ಟಿಯಾದ ಪದರ ಕಟ್ಟಿಕೊಳ್ಳುವುದು ಹೆಚ್ಚಾಗಿ ಈ ಕವಲಿನಲ್ಲಿಯೇ. ನಾಳ ಕಿರಿದಾದಷ್ಟೂ ಅಲ್ಲಿ ರಕ್ತದ ವೇಗ ಹೆಚ್ಚುತ್ತದೆ. ಕಾಲುವೆಯ ಬಾಯಿ ಕಿರಿದಾದಲ್ಲಿ ನೀರು ರಭಸವಾಗಿ ಹರಿಯುವುದನ್ನು ಕೃಷ್ಣಾ ಮೇಲ್ದಂಡೆಯ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. 2003ರಲ್ಲಿ ಅಮೆರಿಕದ ವಿಕಿರಣ ತಜ್ಞರು ಒಪ್ಪಿಕೊಂಡ ಮಾನದಂಡದ ಪ್ರಕಾರ ಮಿದುಳಿಗೆ ಹೋಗುವ ಕವಲಿನಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರಿಗಿಂತ ಕಡಿಮೆಯಿದ್ದು, ಪದರವೂ ಕಾಣದಿದ್ದರೆ ಅದು ಸಹಜ. ಪದರವಿದ್ದು ವೇಗ 230 ಸೆಂಟಿಮೀಟರನ್ನು ದಾಟಿದರೆ ನಾಳ ಶೇ 70 ಅಥವಾ ಹೆಚ್ಚು ಕಿರಿದಾಗಿದೆ ಎಂದರ್ಥ.

ಈ ಅಂಕಿಗಳು ಯಂತ್ರದಷ್ಟೇ ಅದನ್ನು ಹಿಡಿದ ಕೈಯನ್ನೂ ಅವಲಂಬಿಸಿವೆ ಎಂಬುದು ಗಮನಾರ್ಹ. ಧ್ವನಿತರಂಗ ಮತ್ತು ರಕ್ತಪ್ರವಾಹದ ನಡುವಿನ ಕೋನ 60 ಡಿಗ್ರಿಯನ್ನು ಮೀರಿದರೆ ವೇಗದ ಲೆಕ್ಕ ತಪ್ಪುತ್ತದೆ. ಪದರದಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದರ ನೆರಳು ಚಿತ್ರವನ್ನೇ ಮರೆಮಾಡುತ್ತದೆ. ಯಂತ್ರ ಕೊಂಡ ಮಾತ್ರಕ್ಕೆ ಪರೀಕ್ಷೆ ಲಭ್ಯವಾಯಿತೆಂದು ಭಾವಿಸುವಂತಿಲ್ಲ.

ಯಾರಿಗೆ ಪ್ರಯೋಜನ?

ಈ ಪ್ರಶ್ನೆಗೆ ವೈದ್ಯಲೋಕದಲ್ಲಿ ಮೂರು ದಶಕಗಳ ಉತ್ತರವಿದೆ. ಉತ್ತರ ಅಮೆರಿಕದ ಪ್ರಸಿದ್ಧ ‘ನ್ಯಾಸೆಟ್’ ಅಧ್ಯಯನದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಸಣ್ಣ ಪ್ರಮಾಣದ ಅಥವಾ ಕ್ಷಣಿಕ ಪಾರ್ಶ್ವವಾಯು ಈಗಾಗಲೇ ಆಗಿದ್ದು, ಕುತ್ತಿಗೆಯ ನಾಳ ಶೇ 70ರಿಂದ 99ರಷ್ಟು ಕಿರಿದಾಗಿದ್ದ ರೋಗಿಗಳನ್ನು ಅದು ಗಮನಿಸಿತ್ತು. ಔಷಧಿ ಮಾತ್ರ ಪಡೆದವರಲ್ಲಿ ಎರಡು ವರ್ಷಗಳೊಳಗೆ ಶೇ 26 ಮಂದಿಗೆ ಅದೇ ಬದಿಯ ಪಾರ್ಶ್ವವಾಯು ತಗುಲಿದರೆ, ಪದರವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಲ್ಲಿ ಆ ಪ್ರಮಾಣ ಶೇ 9. ಅಂದರೆ ಸುಮಾರು ಆರು ಶಸ್ತ್ರಚಿಕಿತ್ಸೆಗಳಿಗೆ ಒಬ್ಬರು ಪಾರ್ಶ್ವವಾಯುವಿನಿಂದ ಪಾರಾಗುತ್ತಾರೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಸ್ಪಷ್ಟ ಲಾಭ ಅಪರೂಪ. ಆ ಲಾಭ ಸಿಗಬೇಕಾದರೆ ಲಕ್ಷಣ ಕಂಡ ಎರಡು ವಾರಗಳೊಳಗೆ ಚಿಕಿತ್ಸೆ ನಡೆಯಬೇಕೆಂಬುದು ಅನಂತರದ ತಿಳಿವು.

ಬ್ರಿಟನ್ನಿನ ಆಕ್ಸ್‌ಫರ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ‘ಎಕ್ಸ್‌ಪ್ರೆಸ್’ ಅಧ್ಯಯನ ಇದಕ್ಕೆ ಇನ್ನಷ್ಟು ಪುಷ್ಟಿ ನೀಡಿತು. ಕ್ಷಣಿಕ ಪಾರ್ಶ್ವವಾಯುವಿನ ರೋಗಿಗಳನ್ನು ಕೂಡಲೇ ಪರೀಕ್ಷಿಸಿ ಅಂದೇ ಔಷಧಿ ಆರಂಭಿಸಿದಾಗ 90 ದಿನಗಳಲ್ಲಿ ಮತ್ತೆ ಪಾರ್ಶ್ವವಾಯು ತಗುಲುವ ಪ್ರಮಾಣ ಶೇ 10.3ರಿಂದ 2.1ಕ್ಕೆ ಇಳಿಯಿತು. ಈ ಯಶಸ್ಸಿನ ಹೆಚ್ಚಿನ ಪಾಲು ಸಲ್ಲಬೇಕಾದದ್ದು ಅಗ್ಗದ ಮಾತ್ರೆಗಳಿಗೆ ಮತ್ತು ಅವನ್ನು ತಡಮಾಡದೆ ಕೊಟ್ಟ ವ್ಯವಸ್ಥೆಗೆ.

ಯಾವ ಲಕ್ಷಣವೂ ಇಲ್ಲದ ಆರೋಗ್ಯವಂತರ ಕಥೆ ಬೇರೆ. ಅವರಲ್ಲಿ ನಾಳ ತೀವ್ರವಾಗಿ ಕಿರಿದಾಗಿರುವ ಪ್ರಮಾಣ ಶೇ 1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಸಾವಿರ ಮಂದಿಯನ್ನು ಪರೀಕ್ಷಿಸಿದರೆ ನಿಜವಾದ ರೋಗಿಗಳು 10 ಮಂದಿ ಎಂದಿಟ್ಟುಕೊಳ್ಳೋಣ. ರೋಗವಿದ್ದ 100ರಲ್ಲಿ 90 ಮಂದಿಯನ್ನು ಗುರುತಿಸುವ, ರೋಗವಿಲ್ಲದ 100ರಲ್ಲಿ 94 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಉತ್ತಮ ಪರೀಕ್ಷೆಯೇ ಇದೆಂದು ಒಪ್ಪಿದರೂ 9 ಮಂದಿ ರೋಗಿಗಳು ಸಿಕ್ಕುತ್ತಾರೆ; ಅವರೊಂದಿಗೆ ರೋಗವಿಲ್ಲದ ಸುಮಾರು 60 ಮಂದಿಗೂ ‘ನಾಳ ಕಟ್ಟಿದೆ’ ಎಂಬ ವರದಿ ಕೈಸೇರುತ್ತದೆ. ಅವರೆಲ್ಲರೂ ಮುಂದಿನ ಆಂಜಿಯೊಗ್ರಾಂ, ಆತಂಕ, ಖರ್ಚುಗಳನ್ನು ಎದುರಿಸಬೇಕು. ಶಸ್ತ್ರಚಿಕಿತ್ಸೆಯೂ ಅಪಾಯಮುಕ್ತವಲ್ಲ. ಲಕ್ಷಣರಹಿತರ ಕುರಿತು 2004ರಲ್ಲಿ ಪ್ರಕಟವಾದ ದೊಡ್ಡ ಯುರೋಪಿಯನ್ ಅಧ್ಯಯನದಲ್ಲಿ ಚಿಕಿತ್ಸೆಯ ನಂತರದ ಒಂದು ತಿಂಗಳೊಳಗೆ ಶೇ 3.1 ಮಂದಿ ಪಾರ್ಶ್ವವಾಯುವಿಗೆ ಅಥವಾ ಸಾವಿಗೆ ತುತ್ತಾಗಿದ್ದರು. ತಡೆಯಬೇಕೆಂದಿದ್ದ ಅನಾಹುತವನ್ನೇ ಚಿಕಿತ್ಸೆ ತಂದೊಡ್ಡಬಹುದು.

ಈ ಕಾರಣದಿಂದಲೇ ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2007, 2014 ಮತ್ತು 2021ರಲ್ಲಿ ಮೂರು ಬಾರಿ ಒಂದೇ ಮಾತನ್ನು ಹೇಳಿತು: ಲಕ್ಷಣವಿಲ್ಲದ ವಯಸ್ಕರಿಗೆ ಈ ತಪಾಸಣೆ ಬೇಡ.

ಎದುರು ವಾದವೂ ಇಲ್ಲದಿಲ್ಲ. ಕುತ್ತಿಗೆಯ ನಾಳದ ಚಿತ್ರವನ್ನು ಜನರಿಗೇ ತೋರಿಸಿ ವಿವರಿಸಿದರೆ ಒಂದು ವರ್ಷದ ನಂತರ ಅವರ ಹೃದಯಾಪಾಯದ ಅಂದಾಜು ತಗ್ಗಿದ್ದನ್ನು 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿದೆ. 2025ರ ನವೆಂಬರಿನಲ್ಲಿ ಹೊರಬಂದ ‘ಕ್ರೆಸ್ಟ್-2’ ಅಧ್ಯಯನ ಲಕ್ಷಣರಹಿತ ತೀವ್ರ ರೋಗಿಗಳಲ್ಲಿ ಸ್ಟೆಂಟ್ ಅಳವಡಿಕೆಯಿಂದ ಲಾಭವಿದೆಯೆಂದು ಕಂಡುಕೊಂಡಿತು. ನಾಲ್ಕು ವರ್ಷಗಳಲ್ಲಿ ಪಾರ್ಶ್ವವಾಯು ಮುಂತಾದ ಅನಾಹುತಗಳು ಔಷಧಿ ಮಾತ್ರ ಪಡೆದವರಲ್ಲಿ ಶೇ 6, ಸ್ಟೆಂಟ್ ಪಡೆದವರಲ್ಲಿ ಶೇ 2.8. ಶಸ್ತ್ರಚಿಕಿತ್ಸೆಯಿಂದ ಅಂಥ ಖಚಿತ ಲಾಭ ಕಾಣಲಿಲ್ಲ. ಆದರೆ ಇವರೆಲ್ಲರೂ ಶೇ 70ಕ್ಕೂ ಹೆಚ್ಚು ಅಡಚಣೆ ಖಚಿತಪಟ್ಟವರು; ಚಿಕಿತ್ಸೆ ನೀಡಿದವರು ಆಯ್ದ ನಿಪುಣರು. ದಾರಿಹೋಕರನ್ನೆಲ್ಲ ಪರೀಕ್ಷಿಸಲು ಇದು ಪರವಾನಗಿಯಾಗದು. ಔಷಧಿಯೊಂದರಿಂದಲೇ ಅಪಾಯ ವರ್ಷಕ್ಕೆ ಶೇ 1.5ರ ಮಟ್ಟಕ್ಕೆ ಇಳಿದಿರುವುದೂ ಈ ಅಧ್ಯಯನದ ಸುದ್ದಿಯೇ.

ನಮ್ಮ ನೆಲದ ವಾಸ್ತವ

ಪಾಶ್ಚಾತ್ಯ ದೇಶಗಳ ಈ ಲೆಕ್ಕಾಚಾರವನ್ನು ವಿಜಯಪುರಕ್ಕೆ ಹಾಗೆಯೇ ತಂದು ಒಗ್ಗಿಸುವಂತಿಲ್ಲ. ಭಾರತ ಸೇರಿದಂತೆ ಏಷ್ಯಾದ ಜನರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗಿ ಬರುವ ಪಾರ್ಶ್ವವಾಯು ಬಿಳಿಯರಿಗಿಂತ ಹೆಚ್ಚು. ಕುತ್ತಿಗೆಯ ಸ್ಕ್ಯಾನ್ ಅದನ್ನು ಕಾಣಲಾರದು. ಅಧಿಕ ರಕ್ತದೊತ್ತಡದಿಂದ ಮಿದುಳಿನ ಸಣ್ಣ ನಾಳಗಳು ಒಡೆದು ಆಗುವ ರಕ್ತಸ್ರಾವಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಕುತ್ತಿಗೆಯ ವರದಿ ‘ಸಹಜ’ ಎಂದು ಬಂದ ವ್ಯಕ್ತಿ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟರೆ ಆ ಸಮಾಧಾನವೇ ಆತನಿಗೆ ಮುಳುವಾಗಬಹುದು.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡಿದ್ದ, 2010 ಮತ್ತು 2016ರಲ್ಲಿ ಪ್ರಕಟವಾದ ‘ಇಂಟರ್‌ಸ್ಟ್ರೋಕ್’ ಅಂತರರಾಷ್ಟ್ರೀಯ ಅಧ್ಯಯನ ಹತ್ತು ಕಾರಣಗಳು ಪಾರ್ಶ್ವವಾಯುವಿನ ಅಪಾಯದ ಸುಮಾರು ಶೇ 90 ಭಾಗವನ್ನು ವಿವರಿಸುತ್ತವೆಂದು ಹೇಳಿತು. ಅವುಗಳಲ್ಲಿ ಮೊದಲ ಸ್ಥಾನ ಅಧಿಕ ರಕ್ತದೊತ್ತಡದ್ದು. ಧೂಮಪಾನ, ಮಧುಮೇಹ, ಆಹಾರ, ದೇಹಶ್ರಮದ ಕೊರತೆ ಮುಂತಾದವು ಅನಂತರದ ಸಾಲಿನವು. ಇವುಗಳಲ್ಲಿ ಹೆಚ್ಚಿನವನ್ನು ಪತ್ತೆ ಮಾಡಲು ಡಾಪ್ಲರ್ ಬೇಕಿಲ್ಲ. ರಕ್ತದೊತ್ತಡ ಅಳೆಯುವ ಪಟ್ಟಿ, ಸಕ್ಕರೆ ನೋಡುವ ಸಣ್ಣ ಯಂತ್ರ ಮತ್ತು ಆಶಾ ಕಾರ್ಯಕರ್ತೆ ಸಾಕು. ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ ಮನೆಮನೆಗೆ ಹೋಗಿ ಇದನ್ನೇ ಮಾಡಲು ಹೊರಟದ್ದು.

ಆದರೆ ತಪಾಸಣೆಯ ಪಟ್ಟಿಯಲ್ಲಿ ಹೆಸರು ಬರೆದುಕೊಂಡರೆ ಕೆಲಸ ಮುಗಿಯಲಿಲ್ಲ. ಇಂಡಿ, ಸಿಂದಗಿ ಭಾಗದಿಂದ ಸುಗ್ಗಿ ಮುಗಿದೊಡನೆ ಪುಣೆ, ಮುಂಬೈ, ಗೋವೆಗೆ, ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವ ಕುಟುಂಬಗಳು ಅನೇಕ. ಊರಿನಲ್ಲಿ ಒಂದು ತಿಂಗಳಿಗೆಂದು ಕೊಟ್ಟ ಬಿಪಿ ಮಾತ್ರೆ ಆರು ತಿಂಗಳ ಗುಳೆಗೆ ಸಾಲುವುದಿಲ್ಲ. ನಡುವೆ ನಿಂತುಹೋಗುವ ಈ ಮಾತ್ರೆಗಳ ಬಗೆಗೆ ಯಾವ ಸ್ಕ್ಯಾನ್ ವರದಿಯೂ ಎಚ್ಚರಿಸುವುದಿಲ್ಲ.

ಯಂತ್ರಕ್ಕೆ ಕಾನೂನಿನ ಬೇಲಿ

ಹಾಗಿದ್ದರೂ ಕ್ಷಣಿಕ ಲಕ್ವಾ ಕಂಡ ರೈತನಿಗೆ ಈ ಪರೀಕ್ಷೆ ಹತ್ತಿರದಲ್ಲಿ ಸಿಗಬೇಡವೇ? ಅಂಗೈಯಗಲದ ಸ್ಕ್ಯಾನ್ ಯಂತ್ರಗಳು ಬಂದಿರುವ ಕಾಲದಲ್ಲಿ ಅವನ್ನು ಹಳ್ಳಿಗೇ ಒಯ್ಯಬಾರದೇಕೆ? ಇಲ್ಲಿ ಭಾರತಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಕುತ್ತಿಗೆಯ ನಾಳವನ್ನು ತೋರಿಸುವ ಯಂತ್ರ ಶೋಧಕವನ್ನು ಬದಲಿಸಿದರೆ ಗರ್ಭದ ಶಿಶುವನ್ನೂ ತೋರಿಸುತ್ತದೆ. ಆದ್ದರಿಂದ 1994ರಲ್ಲಿ ರೂಪುಗೊಂಡು, 1996ರಲ್ಲಿ ಜಾರಿಯಾಗಿ, 2003ರಲ್ಲಿ ಬಿಗಿಗೊಂಡ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ವ್ಯಾಪ್ತಿಗೆ ಅದು ಬರುತ್ತದೆ. ಯಂತ್ರವನ್ನೂ ಅದನ್ನು ಇಟ್ಟ ಜಾಗವನ್ನೂ ನೋಂದಾಯಿಸಬೇಕು. ಕೈಯಲ್ಲಿ ಒಯ್ಯುವ ಯಂತ್ರಗಳ ಬಳಕೆಯನ್ನು ನೋಂದಾಯಿತ ಆವರಣಕ್ಕೆ ಮತ್ತು ನಿಗದಿತ ಸಂಚಾರಿ ಆಸ್ಪತ್ರೆಗಳಿಗೆ ಸೀಮಿತಗೊಳಿಸಿದ್ದು 2012ರ ನಿಯಮ.

ಗರ್ಭಕ್ಕೆ ಸಂಬಂಧಿಸದ ಪರೀಕ್ಷೆಗಳಿಗೆ ಈ ಬೇಲಿಯನ್ನು ಸಡಿಲಿಸಬೇಕೆಂಬ ಬೇಡಿಕೆ ವೈದ್ಯವಲಯದಿಂದ ಆಗಾಗ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿತ್ತೆನ್ನಲಾದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದು 2023ರಲ್ಲಿ. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948 ಮಾತ್ರ. ಬೇಲಿಯನ್ನು ಕಿತ್ತೊಗೆಯುವ ಮುನ್ನ ಈ ಅಂಕಿಯನ್ನು ನೆನೆಯಬೇಕು. ಕಾಯ್ದೆಯು ಕುತ್ತಿಗೆಯ ಪರೀಕ್ಷೆಯನ್ನು ನಿಷೇಧಿಸಿಲ್ಲ ಎಂಬುದೂ ಅಷ್ಟೇ ಸತ್ಯ. ನೋಂದಾಯಿತ ಕೇಂದ್ರದಲ್ಲಿ ಅರ್ಹ ವೈದ್ಯರು ಅದನ್ನು ನಿರಾತಂಕವಾಗಿ ಮಾಡಬಹುದು. ರೋಗಿಯನ್ನು ಆ ಕೇಂದ್ರಕ್ಕೆ ಸಕಾಲದಲ್ಲಿ ತಲುಪಿಸುವ ಏರ್ಪಾಡು ಇದ್ದರೆ ಯಂತ್ರವನ್ನು ಹಳ್ಳಿಹಳ್ಳಿಗೆ ಹೊತ್ತೊಯ್ಯುವ ಅಗತ್ಯ ಬೀಳುವುದಿಲ್ಲ.

ಕಡಿದಿರುವ ಕೊಂಡಿ

ಆ ಏರ್ಪಾಡು ಎಲ್ಲಿ ಕಡಿದಿದೆ ಎಂಬುದೇ ಮುಖ್ಯ ಪ್ರಶ್ನೆ. ಮೊದಲನೆಯದು ಅರಿವಿನ ಕೊಂಡಿ. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತಡವರಿಸುವುದು, ಒಂದು ಕಣ್ಣಿಗೆ ಪರದೆ ಎಳೆದಂತೆ ಕತ್ತಲಾಗುವುದು. ಇವು ಕೆಲವೇ ನಿಮಿಷಗಳಲ್ಲಿ ಮಾಯವಾದರೂ ಮುಂಬರುವ ದೊಡ್ಡ ಆಘಾತದ ಮುನ್ಸೂಚನೆ. ಲಕ್ಷಣ ಉಳಿದುಕೊಂಡರಂತೂ ಗಡಿಯಾರದ ವಿರುದ್ಧದ ಓಟ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂಬುದನ್ನು ಸಿ.ಟಿ. ಸ್ಕ್ಯಾನ್ ಖಚಿತಪಡಿಸಬೇಕು. ಕುತ್ತಿಗೆಯ ಡಾಪ್ಲರ್ ಈ ಕೆಲಸವನ್ನು ಮಾಡಲಾರದು. ಲಕ್ವಾಕ್ಕೆ ನಾಟಿ ಔಷಧಿ ಕೊಡುವವರನ್ನು ಅರಸಿ ಹೋಗುವ ರೂಢಿ ಉತ್ತರ ಕರ್ನಾಟಕದಲ್ಲಿ ಇನ್ನೂ ಅಳಿದಿಲ್ಲ. ಆ ಅಲೆದಾಟದಲ್ಲಿ ಕಳೆದ ಗಂಟೆಗಳು ಮರಳಿ ಬರುವುದಿಲ್ಲ.

ಎರಡನೆಯದು ದೂರದ ಕೊಂಡಿ. 2008ರ ನವೆಂಬರಿನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಬಹುದು. ಆದರೆ ಯಾವ ಆಸ್ಪತ್ರೆಗೆ ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. ವಿಜಯಪುರ ನಗರದಲ್ಲಿ 1980ರ ದಶಕದಿಂದ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಸರ್ಕಾರಿ ಸಹಭಾಗಿತ್ವದ ಖಾಸಗಿ ಮಾದರಿ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂದು 2025ರಲ್ಲಿ ಜಿಲ್ಲೆಯ ಜನ ಬೀದಿಗಿಳಿದದ್ದು ಕಟ್ಟಡಕ್ಕಾಗಿ ಅಲ್ಲ. ಇಂಥ ತಜ್ಞ ಸೇವೆ ಬಡವನ ಕೈಗೆಟಕಲಿ ಎಂಬ ಹಂಬಲದಿಂದ. ಇಂಡಿ ಸೀಮೆಯ ಜನ ತಲೆಮಾರುಗಳಿಂದ ಚಿಕಿತ್ಸೆಗಾಗಿ ಸೊಲ್ಲಾಪುರ, ಮಿರಜಗಳ ದಾರಿ ಹಿಡಿಯುತ್ತ ಬಂದಿರುವುದೂ ಇದೇ ಕೊರತೆಯ ಇನ್ನೊಂದು ಮುಖ.

ಹೃದಯಾಘಾತದ ವಿಷಯದಲ್ಲಿ ರಾಜ್ಯ ಇಂಥ ಕೊಂಡಿಯನ್ನು ಬೆಸೆದು ತೋರಿಸಿದೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ನೀಡುತ್ತಾರೆ; ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ 2022ರಲ್ಲಿ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಪ್ರಾಯೋಗಿಕವಾಗಿ ಮೊದಲಾಯಿತು. ಮೂರೂ ರಾಜಧಾನಿಯ ಆಸುಪಾಸಿನವು. ಐನೂರು ಕಿಲೋಮೀಟರಿಗೂ ಆಚೆ ಇರುವ ವಿಜಯಪುರದ ಹಳ್ಳಿಗಳಲ್ಲಿ ಅದು ಹೇಗೆ ಬೇರೂರುತ್ತದೆ ಎಂಬುದರ ಮೇಲೆ ಅದರ ನಿಜವಾದ ಯಶಸ್ಸು ನಿಂತಿದೆ.

ಆಗಬೇಕಾದದ್ದೇನು?

ಹೊಸ ಯೋಜನೆಯೊಂದನ್ನು ಘೋಷಿಸುವುದಕ್ಕಿಂತ ಇರುವುದನ್ನು ಜೋಡಿಸುವ ಕೆಲಸ ಇಲ್ಲಿ ಮುಖ್ಯ. ಕ್ಷಣಿಕ ಪಾರ್ಶ್ವವಾಯುವನ್ನು ತುರ್ತು ಕಾಯಿಲೆಯೆಂದು ಪರಿಗಣಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಮಿದುಳಿನ ಸಿ.ಟಿ. ಸ್ಕ್ಯಾನ್, ಕುತ್ತಿಗೆಯ ಡಾಪ್ಲರ್, ತಜ್ಞರ ಭೇಟಿಗಳಿಗೆ ಒಂದೇ ಚೀಟಿಯಲ್ಲಿ ಶಿಫಾರಸು ಸಿಗುವಂತಾಗಬೇಕು. ತಾಲ್ಲೂಕು ಆಸ್ಪತ್ರೆಗಳ ನೋಂದಾಯಿತ ಸ್ಕ್ಯಾನ್ ಯಂತ್ರಗಳಲ್ಲಿ ಈ ಪರೀಕ್ಷೆ ನಡೆಸಲು ತರಬೇತಿ ನೀಡಿ, ವರದಿಯಲ್ಲಿ ರಕ್ತದ ವೇಗದ ಅಂಕಿಗಳನ್ನು ಕಡ್ಡಾಯವಾಗಿ ನಮೂದಿಸುವಂತೆ ಮಾಡಬೇಕು. ಆಗ ಇಂಡಿಯ ವರದಿಯನ್ನು ಹುಬ್ಬಳ್ಳಿಯ ಅಥವಾ ಬೆಂಗಳೂರಿನ ತಜ್ಞರು ನಂಬಿ ಮುಂದುವರಿಯಬಹುದು. ಗುಳೆ ಹೋಗುವವರಿಗೆ ಒಮ್ಮೆಲೇ ಹಲವು ತಿಂಗಳ ಬಿಪಿ ಮಾತ್ರೆ ಕೊಡುವ ನಿರ್ಧಾರಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ, ಆದೇಶವೊಂದು ಸಾಕು.

ನಗರಗಳ ಪ್ಯಾಕೇಜುಗಳಿಗೂ ಲಗಾಮು ಬೇಕು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯ ಪ್ರದರ್ಶನವನ್ನು ಕೇಳುತ್ತದೆ. ಪರೀಕ್ಷೆ ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ ಎಂಬ ಒಂದು ಸಾಲನ್ನೂ ಅದರ ಪಕ್ಕದಲ್ಲಿ ಬರೆಸಬಾರದೇಕೆ? ಅಲ್ಲಿಯವರೆಗೆ ಓದುಗರೇ ಕೇಳಬೇಕಾದ ಪ್ರಶ್ನೆ ಸರಳವಾದುದು: ‘ನನಗೆ ಯಾವ ಲಕ್ಷಣವೂ ಇಲ್ಲ; ಈ ಸ್ಕ್ಯಾನ್‌ನ ಫಲಿತಾಂಶ ನನ್ನ ಚಿಕಿತ್ಸೆಯಲ್ಲಿ ಏನನ್ನು ಬದಲಿಸುತ್ತದೆ?’ ಬಿಪಿ ಹತೋಟಿಗೆ ತನ್ನಿ, ತಂಬಾಕು ಬಿಡಿ, ನಡೆಯಿರಿ, ವೈದ್ಯರು ಬರೆದ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳಿ ಎಂಬುದೇ ಉತ್ತರವಾದರೆ ಆ ಸಲಹೆಗೆ ಸ್ಕ್ಯಾನ್‌ನ ಅಗತ್ಯವಿರಲಿಲ್ಲ.

ಲಕ್ವಾ ಹೊಡೆದ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅವರ ಆರೈಕೆಗೆ ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅನಗತ್ಯವಾಗಿ ನಡೆದ ಸ್ಕ್ಯಾನ್ ಕೆಲವು ಸಾವಿರ ರೂಪಾಯಿಗಳ ನಷ್ಟ. ತಾಂಬಾದಲ್ಲಿ ಸಕಾಲಕ್ಕೆ ಸಿಗದ ಅದೇ ಸ್ಕ್ಯಾನ್ ಒಂದು ಸಂಸಾರದ ನಷ್ಟ. ಆರೋಗ್ಯ ಇಲಾಖೆ ತನ್ನ ಆದ್ಯತೆಗಳನ್ನು ನಿರ್ಧರಿಸುವಾಗ ಈ ಎರಡು ನಷ್ಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಬೇಕಾಗಿದೆ.